ಗೂಡಿನ ಕೆಳಗಿನ ಕಿಂಡಿ ಮುಚ್ಚಿದವನು ನಾನು

ಒಂದು ನಿಮಿಷ ಇರಿ. ಜನರೇಟರ್ ಬಗ್ಗೆ ನನ್ನ ಇನ್ನೊಂದು ಪೋಸ್ಟ್ ಎಂದುಕೊಂಡು ಮುಂದೆ ಹೋಗಬೇಡಿ, ಇದನ್ನು ಕೊನೆಯವರೆಗೂ ಓದಿ. ಮೂರು ವರ್ಷದ ಹಿಂದೆ ಪ್ರಮೀಳಾ ಆಂಟಿಯ ಮನೆಯಲ್ಲಿ ಗ್ಯಾಸ್ ಹೊತ್ತಿಕೊಂಡಿದ್ದು ಕೆಲಸದ ನ್ಯಾಂಬುರಾಳ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ. ಅದು ನನಗೆ ಆ ದಿನವೇ ಗೊತ್ತಿತ್ತು.

ನಮ್ಮ ಕನ್ನಡದವರ ಈ ಗುಂಪಿಗೆ ಹೊಸದಾಗಿ ಸೇರಿದವರಿಗಾಗಿ ಮೊದಲಿಂದ ಹೇಳುತ್ತೇನೆ. ಪಾರ್ಕ್‌ಲ್ಯಾಂಡ್ಸ್‌ನ ಹಳೆಯ ಮನೆಯೊಂದರಲ್ಲಿ ಆಂಟಿ, ಅಂಕಲ್ ಇಬ್ಬರೇ ಇದ್ದರು. ಅಂಕಲ್‌ಗೆ ಶ್ವಾಸಕೋಶದ ಕಾಯಿಲೆ. ಆಮ್ಲಜನಕದ ಯಂತ್ರ ನಿಲ್ಲುವಂತಿಲ್ಲ, ಕರೆಂಟ್ ಮಾತ್ರ ಮನಸ್ಸು ಬಂದಾಗ ಹೋಗುತ್ತಿತ್ತು. ಒಂಬತ್ತು ವರ್ಷದಿಂದ ಅವರನ್ನು ಎಬ್ಬಿಸಿ, ಕೂರಿಸಿ, ಉಣಿಸುತ್ತಿದ್ದವಳು ನ್ಯಾಂಬುರಾ. ದೂರದ ಕಸರಾನಿ ಬಡಾವಣೆಯಿಂದ ಎರಡು ಮಟಾಟು ವ್ಯಾನು ಬದಲಿಸಿ ಬರುತ್ತಿದ್ದಳು.

ಗ್ಯಾಸಿನಲ್ಲಿ ಓಡುವ ಜನರೇಟರ್ ತಂದಾಗ ಅದಕ್ಕೊಂದು ಗೂಡು ಬೇಕಾಯಿತು. ನಾನು ಮೈಸೂರಿನಿಂದ ಈ ದೇಶಕ್ಕೆ ಬಂದು ಆರು ತಿಂಗಳಾಗಿತ್ತು. ಔಷಧ ಕಾರ್ಖಾನೆಯಲ್ಲಿ ಕೆಲಸ, ಉಳಿದ ಹೊತ್ತೆಲ್ಲ ವಿಡಿಯೋ ನೋಡಿ ಕಲಿಯುವ ಹುಚ್ಚು.

"ಯಾರಾದ್ರೂ ತಿಳಿದೋರನ್ನ ಕರೆಸೋಣ ಕಣೋ," ಎಂದರು ಆಂಟಿ.

"ನಾನೇ ತಿಳಿದೋನು ಆಂಟಿ!"

"ಮೀಸೆ ನೆಟ್ಟಗೆ ಬಂದಿಲ್ಲ, ತಿಳಿದೋನಂತೆ," ಎಂದು ನಕ್ಕರು. ನಕ್ಕು, ಒಪ್ಪಿಬಿಟ್ಟರು.

ಹಿತ್ತಿಲಲ್ಲಿ ಕಬ್ಬಿಣದ ಶೀಟಿನ ಗೂಡು ಕಟ್ಟಿದೆ. ಊರಿನ ಅಡುಗೆಮನೆಯಲ್ಲಿ ಕಟ್ಟೆಯ ಕೆಳಗೆ ಇಡುತ್ತೇವಲ್ಲ, ಹಾಗೆ ಸಿಲಿಂಡರನ್ನೂ ಗೂಡಿನ ಒಳಗೇ ಇಟ್ಟೆ. ಜೋಡಿಸಿದ್ದು ಮೈಸೂರಿನಿಂದ ಸೂಟ್‌ಕೇಸಿನಲ್ಲಿ ತಂದಿದ್ದ ಕಿತ್ತಳೆ ಬಣ್ಣದ ಗ್ಯಾಸ್ ಪೈಪು. ಇಲ್ಲಿ ಸಿಗುವುದಕ್ಕಿಂತ ನಮ್ಮದೇ ಗಟ್ಟಿ ಎಂಬ ಹೆಮ್ಮೆ — ಕುಕ್ಕರ್ ಗ್ಯಾಸ್ಕೆಟ್ಟಿನಿಂದ ಹಿಡಿದು ಎಲ್ಲವೂ ಊರಿನಿಂದಲೇ ಬರಬೇಕು ನಮಗೆ. ಆ ಪೈಪು ಇಲ್ಲಿನ ರೆಗ್ಯುಲೇಟರಿನ ಮೂತಿಗೆ ಸ್ವಲ್ಪ ಸಡಿಲವಾಗಿತ್ತು. ಕ್ಲಿಪ್ ಬಿಗಿದು ಸುಮ್ಮನಾದೆ. ಒಲೆ ನಡುಗುವುದಿಲ್ಲ, ಎಂಜಿನ್ ನಡುಗುತ್ತದೆ ಎಂಬುದು ಹೊಳೆಯಲೇ ಇಲ್ಲ.

ಕೆಳಗೆ ಎರಡು ಗಾಳಿಕಿಂಡಿ ಬಿಟ್ಟಿದ್ದೆ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ, ಅದಕ್ಕೆ ಹೋಗಲು ದಾರಿ ಇರಬೇಕು. ಗೊತ್ತಿಲ್ಲದೆ ಮಾಡಿದ ತಪ್ಪು ಇದಲ್ಲ, ಚೆನ್ನಾಗಿ ಗೊತ್ತಿತ್ತು. ಆದರೆ ಪಕ್ಕದ ಮನೆಯವರು ಸದ್ದು ಜಾಸ್ತಿ ಎಂದರು, ನಾನು ಆ ಕಿಂಡಿಗಳಿಗೆ ಫೋಮ್ ತುರುಕಿದೆ. ಸದ್ದು ಇಳಿಯಿತು. "ಎಷ್ಟು ಸೈಲೆಂಟು ನೋಡಿ!" ಎಂದು ಇದೇ ಗುಂಪಿನಲ್ಲಿ ವಿಡಿಯೋ ಹಾಕಿದೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ.

ಎರಡು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಕರೆಂಟ್ ಹೋಯಿತು. ನಾನು ಕಲಿಸಿದ ಹಾಗೆಯೇ ನ್ಯಾಂಬುರಾ ಸಿಲಿಂಡರಿನ ವಾಲ್ವ್ ತೆರೆದು ಕೀ ತಿರುಗಿಸಿದಳು. ಎಂಜಿನ್ ಹತ್ತಲಿಲ್ಲ. ಒಳಗೆ ಅಂಕಲ್ ಏದುಸಿರು ಬಿಡುತ್ತಿದ್ದರು. ಮತ್ತೆ ತಿರುಗಿಸಿದಳು, ಮತ್ತೆ... ಅಷ್ಟೂ ಹೊತ್ತು ಗ್ಯಾಸ್ ಗೂಡಿನ ತಳದಲ್ಲಿ ತುಂಬುತ್ತಿತ್ತು. ಕೊನೆಯ ಸಲ ಕಿಡಿ ತಾಗಿತು.

ಆ ಉರಿಯಲ್ಲೂ ಅವಳು ಒದ್ದೆ ಗೋಣಿಚೀಲ ಹಾಕಿ ವಾಲ್ವ್ ಮುಚ್ಚಿದ್ದಳು. ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಅಷ್ಟರಲ್ಲಿ ಕರೆಂಟ್ ಬಂತು, ಅಂಕಲ್ ಉಳಿದರು.

ಫೋನ್ ಬಂದೊಡನೆ ಓಡಿಹೋದೆ. ಮೊದಲು ಹೋಗಿದ್ದು ಅವಳ ಹತ್ತಿರ ಅಲ್ಲ, ಗೂಡಿನ ಹತ್ತಿರ. ಪೈಪು ಮೂತಿಯಿಂದ ಕಳಚಿ ನೇತಾಡುತ್ತಿತ್ತು. ಅದನ್ನು ಕಿತ್ತೆ. ಸುಟ್ಟು ಕರಗಿದ್ದ ಫೋಮನ್ನು ಕಿಂಡಿಗಳಿಂದ ಕೆರೆದು ತೆಗೆದೆ. ಎರಡನ್ನೂ ಬ್ಯಾಗಿಗೆ ಹಾಕಿಕೊಂಡೆ. ಯಾರೂ ನೋಡಲಿಲ್ಲ.

"ನಿನ್ನೆ ಆಫ್ ಮಾಡಿದ್ಮೇಲೆ ವಾಲ್ವ್ ಮುಚ್ಚೋದು ಮರೆತಿದ್ಲೇನೋ?" ಆಂಟಿ ನನ್ನನ್ನು ಕೇಳಿದರು.

"ನಿಲಿಫುಂಗಾ, ಮಾಮಾ," ಎಂದಳು ನ್ಯಾಂಬುರಾ. ಮುಚ್ಚಿದ್ದೆ ಅಮ್ಮ, ಎಂದು. ನಮ್ಮ ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಸುಟ್ಟ ಕೈಯನ್ನು ನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು ನನ್ನತ್ತ ನೋಡಿದಳು. ಯಂತ್ರ ಬಲ್ಲವನು ನಾನೊಬ್ಬನೇ ಅಲ್ಲವೇ.

ನಾನು ಅಂದೆ — "ಇರಬಹುದು ಆಂಟಿ."

ಅಷ್ಟೇ. ಆ ವಾರವೇ ಅವಳ ಕೆಲಸ ಹೋಯಿತು. ನಮ್ಮ ಕನ್ನಡದವರ ಬೇರೆ ಮನೆಗಳಲ್ಲೂ ಕೆಲಸ ಕೇಳಿದಳಂತೆ. "ಯಾರು, ಆ ಗ್ಯಾಸ್ ಬಿಟ್ಟವಳಾ?" ಎಂದು ಈ ಗುಂಪಿನಲ್ಲಿ ಯಾರೋ ಬರೆದಿದ್ದು ಓದಿದೆ. ಓದಿ ಫೋನ್ ಕೆಳಗಿಟ್ಟೆ.

ಮರುವರ್ಷ ಅಂಕಲ್ ತೀರಿಕೊಂಡರು. ಅವಳು ಬಂದಿದ್ದಳು. ಗೇಟಿನ ಆಚೆ, ಬಿಳಿ ಹೂವು ಹಿಡಿದು ನಿಂತಿದ್ದಳು. ಒಳಗೆ ಬಿಡಲೇ ಎಂದು ಕಾವಲುಗಾರ ಕೇಳಿದ, "ಈಗ ಬೇಡ" ಎಂದರು ಆಂಟಿ. ಗೇಟಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಾನು ಕುರ್ಚಿ ಜೋಡಿಸುತ್ತಿದ್ದೆ. ಒಂದು ಮಾತು ಸಾಕಿತ್ತು... ಇನ್ನೊಂದು ಕುರ್ಚಿ ತರುವ ನೆಪದಲ್ಲಿ ಒಳಗೆ ಹೋದೆ.

ನಿನ್ನೆ ಆಂಟಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಕೆಲಸ ಬಿಡಿಸಿದ್ಮೇಲೆ ನ್ಯಾಂಬುರಾ ಮೂರು ಸಲ ಫೋನ್ ಮಾಡಿದ್ಲು ಕಣೋ. ನಾನು ಎತ್ಲಿಲ್ಲ," ಎಂದರು. ಆ ನಂಬರಿಗೆ ಮಾಡಿದೆವು, ಅದು ಈಗ ಚಾಲ್ತಿಯಲ್ಲಿಲ್ಲ. ಅವಳ ಮನೆ ಎಲ್ಲಿ ಎಂದು ಕೇಳಿದೆ. "ಕಸರಾನಿ ಅಂತ ಗೊತ್ತು. ಒಂಬತ್ತು ವರ್ಷದಲ್ಲಿ ಅದಕ್ಕಿಂತ ಹೆಚ್ಚು ನಾನು ಕೇಳ್ಲೇ ಇಲ್ಲ," ಎಂದು ಮುಖ ತಿರುಗಿಸಿದರು.

ನನ್ನ ವಿಡಿಯೋ ನೋಡಿ ಗೂಡು ಕಟ್ಟಿಕೊಂಡವರು ಇವತ್ತೇ ಕೆಳಗಿನ ಕಿಂಡಿ ತೆರೆಯಿರಿ. ಸಿಲಿಂಡರನ್ನು ಹೊರಗೆ, ಬಯಲಿನಲ್ಲಿ ಇಡಿ. ಅಡುಗೆಮನೆಯ ಪೈಪು ಹಾಕಿದ್ದರೆ ಎಂಜಿನ್ ಮುಟ್ಟಲೇಬೇಡಿ, ಆ ಕೆಲಸ ಕಲಿತವರನ್ನು ಕರೆಸಿ. ನನ್ನನ್ನು ಕರೆಯಬೇಡಿ.

ಭಾನುವಾರದಿಂದ ಕಸರಾನಿಯಲ್ಲಿ ಹುಡುಕುತ್ತೇನೆ. ಸಿಗುವವರೆಗೆ, ಪ್ರತಿ ಭಾನುವಾರ. ಅದಕ್ಕೆ ಮೊದಲು ನಿಮ್ಮಲ್ಲಿ ಒಂದು ಬೇಡಿಕೆ. ನನ್ನ ಮಾತು ನಂಬಿ ಅವಳಿಗೆ ಕೆಲಸ ಕೊಡದೆ ಕಳಿಸಿದವರು ಇದ್ದರೆ, ಅವತ್ತು ಏನಾಯಿತೆಂದು ಇಲ್ಲೇ ಬರೆಯಿರಿ. ನನ್ನ ಮುಖ ಉಳಿಸಬೇಡಿ. ಅವಳು ಏನು ಕೇಳಿದಳು, ನೀವು ಏನು ಹೇಳಿದಿರಿ — ಎಲ್ಲ ಬರೆಯಿರಿ. ಅವಳ ಎದುರು ನಿಂತಾಗ, ನಾನು ಏನೇನು ಕಿತ್ತುಕೊಂಡೆ ಎಂಬುದು ನನಗೆ ಪೂರ್ತಿ ಗೊತ್ತಿರಬೇಕು.