ಡ್ರಮ್ಮಿಗೆ ಬಳಿದ ಭಂಡಾರ

ಇವತ್ತು ಏಕಾದಶಿ, ಉಪವಾಸ. ದೇವರ ಪಾತ್ರೆ ಬೆಳಗಿಟ್ಟು ಅಂಗಳ ಗುಡಿಸುತ್ತಿದ್ದೆ. ಕಲ್ಲಿನ ಮೇಲೆ ಕಡ್ಡಿಪೊರಕೆ ಎಳೆದ ಸದ್ದಿಗೆ ಪುಣೆಯ ಖಡಕಿಯಲ್ಲಿದ್ದ ಇಂಗ್ಲಿಷ್ ಸಾಹೇಬರು ನೆನಪಾದರು.

ಊರಿನ ಶಾಲೆ ಬಿಡಿಸಿ ನನ್ನನ್ನು ಪುಣೆಗೆ ಕರೆತಂದಾಗ ಅವ್ವ ಅವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಲಂಡನ್ನಿನಲ್ಲಿ ಸ್ವಂತ ಜಾಝ್ ತಂಡ ಕಟ್ಟಿ ಡ್ರಮ್ ಬಾರಿಸಿದವರು ಅವರು. ಹಡಗುಗಳಲ್ಲಿ ನುಡಿಸುತ್ತ ಮುಂಬೈಗೆ ಬಂದರು. ಅಲ್ಲಿ ಹೋಟೆಲಿನ ಕೆಲಸ ಹೋಗಿ ತಂಡ ಚದುರಿತು, ಇವರೊಬ್ಬರೇ ಉಳಿದು ಖಡಕಿಗೆ ಬಂದು ನೆಲೆಸಿದರು. ಸಂಜೆ ತಂತಿಯ ಕುಂಚದಿಂದ ಡ್ರಮ್ಮಿನ ಚರ್ಮ ಸವರುತ್ತ ಕೂಡುತ್ತಿದ್ದರು.

"ಕಸಾ ಹೊಡ್ಯಾಕತ್ತೀರೇನ್ರಿ ಸಾಹೇಬ್ರ?" ಎಂದು ಅವ್ವ ಕಾಡಿಸುವಳು.

"ಹೌದ್ರಿ ಬಾಯಿ, ನಿಮ್ಮ ಅಂಗಳಕಿಂತ ಸ್ವಚ್ಛ ಅದ," ಎಂದು ಅವಳಿಂದ ಕಲಿತ ಕನ್ನಡದಲ್ಲೇ ಅನ್ನುವರು.

ಕೈ ನಡುಗತೊಡಗಿದ ಮೇಲೆ ಯಾರೂ ಕರೆಯಲಿಲ್ಲ. ಒಂದು ದಸರೆಗೆ ಮಾತ್ರ ಹಳೆಯ ಕ್ಲಬ್ಬಿನವರು ಒಂದು ಸಂಜೆ ಬಾರಿಸಲು ಕರೆದರು. ಅಂದು ಖಂಡೇನವಮಿ, ಆಯುಧಪೂಜೆಯ ದಿನ. ಅವ್ವ ಭಕ್ತಿಯಿಂದ ಡ್ರಮ್ಮನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಜೇಜುರಿಯ ಖಂಡೋಬಾ ದೇವರ ಭಂಡಾರದ ಅರಿಶಿನವನ್ನು ನೀರಲ್ಲಿ ಕಲಸಿ ಬಳಿದು, ಹೂವೇರಿಸಿ ಕೈಮುಗಿದಳು. ಚರ್ಮ ನೆನೆದು ಸಡಿಲಾಯಿತು. ಬಾರಿಸಿದರೆ ಹಸಿ ಗೋಣಿಚೀಲಕ್ಕೆ ಬಡಿದಂತಹ ಸದ್ದು.

"ನಿಮ್ಮ ಕೈ ನಡಗೂದು ನಿಲ್ಲಲಿ ಅಂತ ಖಂಡೋಬಾಗ ಬೇಡ್ಕೊಂಡಿದ್ನ್ರಿ," ಎಂದು ಅವ್ವ ಅತ್ತಳು.

"ಅಳಬ್ಯಾಡ್ರಿ ಬಾಯಿ. ಚರ್ಮ ನಾಳೆ ಬಿಗಿ ಆಗ್ತದ," ಎಂದು ಅವರು ತಮ್ಮ ಕೈ ಚಾಚಿ ತೋರಿಸಿದರು. "ಇದು ಆಗಂಗಿಲ್ಲ."

ಆ ಸಂಜೆ ಅವರು ಹೋಗಲಿಲ್ಲ. ಆಮೇಲೆ ಡ್ರಮ್ಮಿನ ಮುಸುಕು ತೆಗೆಯಲೂ ಇಲ್ಲ. ನಾವು ಪುಣೆಯ ಇನ್ನೊಂದು ತುದಿಯ ಧನಕವಡಿಗೆ ಬಂದ ಮೇಲೆ, ಅವರು ತೀರಿಕೊಂಡ ಸುದ್ದಿ ತಡವಾಗಿ ಮುಟ್ಟಿತು. ಸಮಾಧಿ ಎಲ್ಲಿದೆಯೆಂದು ತಿಳಿಯದೆ ಹೂವಿಡಲು ಅವ್ವನಿಗೂ ಆಗಲಿಲ್ಲ. ಈಗ ಅವಳೂ ಇಲ್ಲ. ಖಡಕಿಯ ಕಡೆ ಇರುವವರು ಯಾರಾದರೂ ಅವರನ್ನು ಎಲ್ಲಿ ಹೂಳಿದ್ದಾರೆಂದು ವಿಚಾರಿಸಿ, ನನಗೊಂದು ಉತ್ತರ ತಂದುಕೊಡಿ.