ಎರಡನೇ ಹೋಳಿಗೆ

ಗೆಳೆಯರೇ, ಗೋವಾದ ನಮ್ಮ ಕಟ್ಟಡದ ಸೈಟಿಗೆ ಇವತ್ತು ಹಿರೇಕೆರೂರು ಕಡೆಯ ಬಸಣ್ಣ ಎಂಬ ಗೌಂಡಿ ಬಂದ. ನಮ್ಮ ಕಡೆಯ ಮಾತು ಕೇಳಿ ಜೀವ ಬಂದಂತಾಯಿತು. ಮಧ್ಯಾಹ್ನ ಅವ್ವ ಕಳಿಸಿದ್ದ ಶೇಂಗಾ ಹೋಳಿಗೆಯನ್ನು ಅವನ ಮುಂದಿಟ್ಟೆ.

"ಏ ತಮ್ಮಾ, ನಮ್ಮವ್ವನ ಕೈ ನೆನಪಾತಲೋ!" ಎನ್ನುತ್ತ ಒಂದು ಮುಗಿಸಿ ಎರಡನೆಯದನ್ನು ಎತ್ತಿಕೊಂಡ. "ಹಿರೇಬೆಂಡಿಗೇರಿ ಅಂದ್ಯಲ್ಲ, ಊರಾಗ ನಿಮ್ಮ ಮನಿ ಎಲ್ಲೈತಿ?"

"ದಲಿತರ ಕೇರ್ಯಾಗ, ಅಣ್ಣಾ."

ಹೋಳಿಗೆ ಡಬ್ಬಿಗೆ ವಾಪಸ್ ಬಂತು. "ಹೊಟ್ಟಿ ತುಂಬೇತಪಾ" ಎಂದು ಎದ್ದು ಹೋದವನು ರಸ್ತೆಯಾಚೆ ಗಾಡಿಯ ಮುಂದೆ ನಿಂತು ವಡಾಪಾವ್ ತಿಂದ.

ನನಗೂ ತಿನ್ನಲಾಗಲಿಲ್ಲ. ಹೋಳಿಗೆ ಉಳಿದಿವೆ ಎಂದಾಗ ಅವ್ವ ಫೋನಿನಲ್ಲಿ ಕೇಳಿದಳು: "ಯಾಕೋ, ಬೆಲ್ಲ ಕಡಿಮಿ ಆಗಿತ್ತೇನು?"

"ಹೂಂ ಬೇ, ಸ್ವಲ್ಪ."

ಮುಂದಿನ ಸಲ ಹೆಚ್ಚಿಗೆ ಹಾಕುತ್ತಾಳಂತೆ.