ಫಾರ್ಮ್ಯಾಟಿಗೆ ಮುಂಚೆ ಹರಿಹರದ ಬಸ್ಸು

1989ರ ಮಾರ್ಚ್‌ನಲ್ಲಿ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿದ್ದ ನಮ್ಮ ಪತ್ರಿಕಾ ಕಚೇರಿಯ ನಲವತ್ತು ಎಂಬಿ ಹಾರ್ಡ್ ಡಿಸ್ಕನ್ನು ಎರಡು ಭಾಗ ಮಾಡಿ ಫಾರ್ಮ್ಯಾಟ್ ಮಾಡಲಾಯಿತು. ಆಗಿನ ಕಂಪ್ಯೂಟರಿಗೆ ಒಂದೇ ಭಾಗದಲ್ಲಿ ಮೂವತ್ತೆರಡಕ್ಕಿಂತ ಹೆಚ್ಚು ಎಂಬಿ ಕಾಣುತ್ತಿರಲಿಲ್ಲ. ಕೆಲಸ ಮಾಡಿದವರು ಹರಿಹರದ ಮೆಕ್ಯಾನಿಕ್, ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು. ಕೀಲಿ ಒತ್ತುವ ಮುನ್ನ ಅಂಗೈಯನ್ನು ಪೈಜಾಮಕ್ಕೆ ಒರೆಸಿಕೊಳ್ಳುತ್ತಿದ್ದರು.

ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿದ್ದ ಚಂದಾದಾರರ ವಿಳಾಸಗಳೆಲ್ಲ ಅಳಿಸಿಹೋಗುತ್ತಿದ್ದವು. ಬೇರೆ ಪಟ್ಟಿ ಇರಲಿಲ್ಲ. ನಾವು ಅವನ್ನು ನಾಲ್ಕು ಫ್ಲಾಪಿಗಳಿಗೆ ನಕಲು ಮಾಡಿ ಕೊಟ್ಟೆವು.

“ಇನ್ನೊಂದು ಮಿಷನ್ ಓದಿದ್ರೇನೇ ಅದು ನಕಲು ರೀ,” ಎಂದರು ಮೆಕ್ಯಾನಿಕ್. ಹೋದಲ್ಲೆಲ್ಲ ಅವರು ಹೇಳುತ್ತಿದ್ದ ಮಾತು ಅದು.

“ಇನ್ನೊಂದು ಇರೋದು ಹರಿಹರದಾಗೆ, ಭಾಯ್. ಫ್ಲಾಪಿಗೂ ಟಿಕೆಟ್ ತಗೀತೀರೇನು?” ಎಂದು ನಮ್ಮ ವ್ಯವಸ್ಥಾಪಕರು ಕೆಣಕಿದರು.

“ಬ್ಯಾಡ್ರಿ, ತೊಡಿ ಮ್ಯಾಲೆ ಕೂಡ್ತಾವೆ,” ಎಂದು ಹೊರಟೇಬಿಟ್ಟರು.

ಮಧ್ಯಾಹ್ನ ಮರಳಿದರು. ಹರಿಹರದ ಕಂಪ್ಯೂಟರು ಮೂರನೆಯ ಫ್ಲಾಪಿಯನ್ನು ಓದಿರಲಿಲ್ಲ. ಮಲೆಬೆನ್ನೂರು ಕಡೆಯ ವಿಳಾಸಗಳೆಲ್ಲ ಅದರಲ್ಲಿದ್ದವು. ಹೊಸ ಫ್ಲಾಪಿಗೆ ನಕಲು ಮಾಡಿಸಿ, ಮತ್ತೆ ಹರಿಹರಕ್ಕೆ ಹೋಗಿ ಓದಿಸಿ ಬಂದರು. ಆಮೇಲಷ್ಟೇ ಫಾರ್ಮ್ಯಾಟ್ ಮಾಡಿದರು.

ಮರುದಿನದ ಪತ್ರಿಕೆ ಮಲೆಬೆನ್ನೂರಿನ ಎಲ್ಲ ಚಂದಾದಾರರಿಗೂ ತಲುಪಿತು. ನಾನು ಆ ಕಚೇರಿ ಬಿಡುವವರೆಗೂ, ನಕಲಾದ ಫ್ಲಾಪಿಗಳನ್ನು ವ್ಯವಸ್ಥಾಪಕರೇ ಹರಿಹರಕ್ಕೆ ಒಯ್ದು ಓದಿಸಿಕೊಂಡು ಬರುತ್ತಿದ್ದರು.